ಚಳ್ಳಕೆರೆಗೆ ಬಂದ ಯಂತ್ರ, ಶಾರ್ಜಾಕ್ಕೆ ಹೋದ ಯಂತ್ರ

ಚಳ್ಳಕೆರೆಯಲ್ಲಿ ನನ್ನದೊಂದು ಸಣ್ಣ ಶೇಂಗಾ ಮಿಲ್ಲು ಇದೆ. ಎಣ್ಣೆ ತೆಗೆಯುವ ಮಿಲ್ಲಲ್ಲ. ಕಾಯಿ ಸುಲಿದು, ಜರಡಿ ಹಿಡಿದು, ಬೀಜವನ್ನು ಗಾತ್ರದ ಪ್ರಕಾರ ವಿಂಗಡಿಸಿ ಮಾರುವ ಕೆಲಸ. ಅದಕ್ಕೆಂದು 2024ರಲ್ಲಿ, ಬಣ್ಣ ನೋಡಿ ಬೀಜ ಬೇರ್ಪಡಿಸುವ ಯಂತ್ರವೊಂದನ್ನು ಚೀನಾದಿಂದ ತರಿಸಿದೆ. ಹೆಂಡತಿಯ ತಮ್ಮ ಶಾರ್ಜಾದಲ್ಲಿ, ಬೇಳೆಕಾಳು ಮತ್ತು ಒಣಹಣ್ಣು ಶುಚಿ ಮಾಡಿ ಪೊಟ್ಟಣ ಕಟ್ಟುವ ಒಂದು ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುತ್ತಾನೆ. ಅವನ ಕಂಪನಿ ಅದೇ ಕಾರ್ಖಾನೆಯ ಅದೇ ಮಾದರಿಯನ್ನು ನನಗಿಂತ ಸ್ವಲ್ಪ ಮುಂಚೆ ತರಿಸಿತ್ತು. ಯಜಮಾನರ ಒಪ್ಪಿಗೆ ಪಡೆದು ಅವನು ತನ್ನ ಕಡತದ ಒಂದೊಂದೇ ಸಾಲನ್ನು ನನಗೆ ಫೋನಿನಲ್ಲಿ ಓದಿ ಹೇಳಿದ. ಒಂದೇ ಯಂತ್ರ, ಒಂದೇ ಬೆಲೆ, ಎರಡು ದೇಶ. ಇಂಥ ಹೋಲಿಕೆ ಹುಡುಕಿಕೊಂಡು ಹೋದರೂ ಸಿಗುವಂಥದ್ದಲ್ಲ.

“ಭಾವ, ನಮಗೆ ಇಲ್ಲಿ ಸುಂಕ ಶೇ 5 ಅಷ್ಟೇ. ನಿಮಗೆ ಅಲ್ಲಿ ಶೇ 28ರ ಹತ್ತಿರ ಬೀಳುತ್ತದೆಯಂತಲ್ಲ?” ಎಂದು ಮೊದಲ ದಿನವೇ ಚುಚ್ಚಿದ್ದ. ಎರಡು ಸಂಖ್ಯೆಗಳೂ ಸುಳ್ಳಲ್ಲ. ಆದರೆ ಅವೆರಡನ್ನೂ ಅಕ್ಕಪಕ್ಕ ಇಟ್ಟು ತೂಗುವಂತಿಲ್ಲ. ಅದೇಕೆಂಬುದು ಸುಂಕದ ಲೆಕ್ಕಕ್ಕೆ ಬಂದಾಗ ತಿಳಿಯುತ್ತದೆ.

ಮೊದಲು ಯಂತ್ರದ ವಿಚಾರ. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಬೆಳೆಯುವುದು ಹೆಚ್ಚಾಗಿ ಟಿಎಂವಿ-2 ತಳಿಯ ಸಣ್ಣ ಬೀಜ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದುಕೊಂಡರೆ ಕಪ್ಪಾದ, ಬೂಷ್ಟು ಹಿಡಿದ, ಮುರುಟಿದ ಬೀಜ ಚೀಲದಲ್ಲಿ ಹೆಚ್ಚುತ್ತದೆ. ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷಕ್ಕೆ ಹೊರದೇಶದ ಮಾರುಕಟ್ಟೆ ಬಹಳ ಹೆದರುತ್ತದೆ. ಐರೋಪ್ಯ ಒಕ್ಕೂಟದಲ್ಲಿ ನೇರವಾಗಿ ತಿನ್ನುವ ಶೇಂಗಾದಲ್ಲಿ ಅದು ಕಿಲೋಗೆ ಒಟ್ಟು 4 ಮೈಕ್ರೋಗ್ರಾಂ ಮೀರುವಂತಿಲ್ಲ. ನಾನೇ ರಫ್ತು ಮಾಡುವವನಲ್ಲ, ಆದರೆ ನನ್ನಿಂದ ಕೊಳ್ಳುವವರು ಮಾಡುತ್ತಾರೆ. ಮಾಲು ತಿರಸ್ಕೃತವಾದರೆ ಲಾರಿ ಬಾಡಿಗೆ ನನ್ನ ತಲೆಗೆ. ಅಲ್ಲಿಯವರೆಗೆ ಹೆಂಗಸರು ಸಾಲಾಗಿ ಕುಳಿತು ಕೈಯಲ್ಲೇ ಆರಿಸುತ್ತಿದ್ದರು. ಅವರ ಕಣ್ಣನ್ನು ನಾನು ಇಂದಿಗೂ ಯಂತ್ರಕ್ಕಿಂತ ಹೆಚ್ಚು ನಂಬುತ್ತೇನೆ, ಆದರೆ ಸುಗ್ಗಿಯಲ್ಲಿ ಆಳು ಸಿಗುವುದಿಲ್ಲ. ಯಂತ್ರದಲ್ಲಿ ಬೀಜ ಇಳಿಜಾರು ತಗಡಿನ ಮೇಲೆ ಜಾರಿ ಬೀಳುವಾಗ ಕ್ಯಾಮೆರಾ ನೋಡುತ್ತದೆ. ಕೆಟ್ಟದ್ದು ಕಂಡ ಕೂಡಲೇ ಸಣ್ಣ ವಾಲ್ವು ಗಾಳಿ ಊದಿ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಯಾರು ಮಾಡಿದ್ದಾದರೂ ಸರಿ, ನಮ್ಮ ಮಿಲ್ಲಿನವರು ಅದನ್ನು ಸಾರ್ಟೆಕ್ಸ್ ಎಂದೇ ಕರೆಯುತ್ತಾರೆ. ಚೀನಾದ ಹೆಫೆಯಿ ನಗರದಲ್ಲಿ ಇಂಥ ಯಂತ್ರ ಮಾಡುವ ಕಾರ್ಖಾನೆಗಳು ಸಾಲುಗಟ್ಟಿವೆ.

ಇಲ್ಲಿನ ಮಾರಾಟಗಾರರೊಬ್ಬರು ಹೇಳಿದ ಬೆಲೆ ರೂ 19.5 ಲಕ್ಷ, ಜಿಎಸ್‌ಟಿ ಬೇರೆ. ಕಾರ್ಖಾನೆಯವರು ಹೇಳಿದ್ದು 16,000 ಡಾಲರ್, ಶಾಂಘೈ ಎಫ್‌ಒಬಿ. ಅಂದರೆ ಶಾಂಘೈ ಬಂದರಿನಲ್ಲಿ ಹಡಗಿಗೆ ಏರಿಸುವವರೆಗಿನ ಖರ್ಚು ಅವರದು, ಆಮೇಲಿನದೆಲ್ಲ ನನ್ನದು. ಡಾಲರಿಗೆ ರೂ 84 ಎಂದಿಟ್ಟುಕೊಂಡರೆ 13,44,000. ಬ್ಯಾಂಕು ಹಾಕುವ ದರ ಬೇರೆ, ಕಸ್ಟಮ್ಸ್ ಇಲಾಖೆ ಪ್ರಕಟಿಸುವ ದರ ಬೇರೆ, ಆದರೆ ಇಲ್ಲಿ ಲೆಕ್ಕ ತೊಡಕಾಗದಿರಲೆಂದು ಎಲ್ಲ ಕಡೆ 84 ಎಂದೇ ಬರೆಯುತ್ತೇನೆ. ಶಾರ್ಜಾದವರಿಗೆ ಈ ಗೊಡವೆ ಇಲ್ಲ. ದಿರ್ಹಮನ್ನು 1997ರಿಂದ ಡಾಲರಿಗೆ 3.6725ರಂತೆ ಕಟ್ಟಿಹಾಕಿದ್ದಾರೆ. ಮುಂಗಡ ಕೊಟ್ಟ ದಿನಕ್ಕೂ ಬಾಕಿ ಕೊಟ್ಟ ದಿನಕ್ಕೂ ನಡುವೆ ರೂಪಾಯಿ ಎಷ್ಟು ಜಾರಿತೆಂದು ನಾನು ದಿನಾ ಬೆಳಿಗ್ಗೆ ನೋಡುತ್ತಿದ್ದರೆ, ಅವರು ನೋಡಬೇಕಾಗಿಯೇ ಇರಲಿಲ್ಲ.

ಕಾಗದಪತ್ರದ ಮೊದಲ ಹಂತ ಹೆದರಿದ್ದಕ್ಕಿಂತ ಸುಲಭವಾಗಿತ್ತು. ಆಮದು ರಫ್ತು ಕೋಡ್ ಎಂಬ ಐಇಸಿಗೆ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ತಾಣದಲ್ಲಿ ಅರ್ಜಿ ಹಾಕಿ ರೂ 500 ಕಟ್ಟಿದರೆ ಆಯಿತು. ಪ್ಯಾನ್ ಸಂಖ್ಯೆಯೇ ಆ ಕೋಡ್ ಆಗುತ್ತದೆ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರಗಳು ಸರಿಯಿವೆಯೆಂದು ಅಲ್ಲಿ ದೃಢೀಕರಿಸಬೇಕು, ಇಲ್ಲವಾದರೆ ಕೋಡ್ ನಿಷ್ಕ್ರಿಯವಾಗುತ್ತದೆ. ಬ್ಯಾಂಕಿನ ಕೆಲಸವೇ ಎಳೆದಾಡಿಸಿತು. ನನ್ನ ಖಾತೆ ಇರುವ ಶಾಖೆಯಲ್ಲಿ ವಿದೇಶಿ ವಿನಿಮಯದ ಕೆಲಸ ನಡೆಯುವುದಿಲ್ಲ, ಕಾಗದ ದಾವಣಗೆರೆಗೆ ಹೋಗಬೇಕು. ಅಲ್ಲಿ ಕುಳಿತವರು ನಿಧಾನಸ್ಥರಾದರೂ ಕೆಲಸ ಬಲ್ಲವರು. ಶೇ 30 ಮುಂಗಡ, ಯಂತ್ರ ಸಿದ್ಧವಾದ ಮೇಲೆ ಶೇ 70 ಎಂಬ ಒಪ್ಪಂದದಂತೆ ಎರಡು ಬಾರಿ ಹಣ ಹೋಯಿತು. ಮಾಲು ಬಂದ ಮೇಲೆ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿಯನ್ನು, ಅಂದರೆ ಆಮದು ಘೋಷಣೆಯ ದಾಖಲೆಯನ್ನು, ಹೋದ ಹಣಕ್ಕೆ ಹೊಂದಿಸಿ ಮುಗಿಸಬೇಕೆಂದು ಅವರು ಆಗಲೇ ಎಚ್ಚರಿಸಿದರು. ಡಾಲರ್ ದೇಶ ಬಿಟ್ಟು ಹೋದದ್ದಕ್ಕೆ ಮಾಲು ಬಂದ ಸಾಕ್ಷಿ ಬೇಕು. ರಿಸರ್ವ್ ಬ್ಯಾಂಕಿನ ಗಣಕ ವ್ಯವಸ್ಥೆಯಲ್ಲಿ ಅದು ಹೊಂದಿಕೆಯಾಗುವವರೆಗೆ ನನ್ನ ಹೆಸರಿನ ಮುಂದೆ ಬಾಕಿ ಎಂದೇ ತೋರಿಸುತ್ತದೆ. ಶಾರ್ಜಾದಲ್ಲಿ ಇದೇ ಹಂತಕ್ಕೆ ಏನೇನು ಬೇಕಾಯಿತೆಂದು ಕೇಳಿದೆ. “ಬ್ಯಾಂಕಿನ ಆ್ಯಪ್‌ನಲ್ಲಿ ಇನ್‌ವಾಯ್ಸ್ ಹಾಕಿದೆವು, ಹೋಯಿತು” ಎಂದ.

ಇನ್ನು ಸಾಗಣೆ. ಇಡೀ ವ್ಯವಹಾರದಲ್ಲಿ ನಾನು ಹೆಚ್ಚು ಹೊತ್ತು ತಲೆ ಕೆಡಿಸಿಕೊಂಡದ್ದು ಇದರ ಮೇಲೆಯೇ.

ಯಂತ್ರದ ಪೆಟ್ಟಿಗೆಗೆ ಒಂದು ಪೂರ್ತಿ ಕಂಟೇನರ್ ಬೇಕಿಲ್ಲ. ಹತ್ತಾರು ಜನರ ಮಾಲು ಸೇರಿಸಿ ಒಂದು ಕಂಟೇನರ್ ತುಂಬಿಸುವ ಎಲ್‌ಸಿಎಲ್ ಪದ್ಧತಿಯಲ್ಲಿ ತರಬೇಕು. ಕಾರ್ಖಾನೆಯ ಮಾರಾಟದ ಹುಡುಗಿ ಬಹಳ ಚುರುಕು. “ಚೆನ್ನೈವರೆಗೆ ನಾವೇ ಕಳಿಸುತ್ತೇವೆ, ಹಡಗಿನ ಬಾಡಿಗೆ ಬರೀ 60 ಡಾಲರ್ ಸೇರಿಸಿ” ಎಂದು ಬರೆದಳು. ಆ ವರ್ಷ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಯಾಗಿ, ಅರ್ಧ ಜಗತ್ತಿನ ಹಡಗುಗಳು ಆಫ್ರಿಕಾ ಸುತ್ತಿಕೊಂಡು ಹೋಗುತ್ತಿದ್ದವು. ಕಂಟೇನರ್‌ಗಳಿಗೆ ಬರ ಬಂದು ಬಾಡಿಗೆ ಎಲ್ಲ ದಾರಿಗಳಲ್ಲೂ ಏರಿತ್ತು. ಅಂಥ ಹೊತ್ತಿನಲ್ಲಿ ಆಳೆತ್ತರಕ್ಕೂ ಮೀರಿದ ಪೆಟ್ಟಿಗೆಯನ್ನು ಶಾಂಘೈನಿಂದ ಚೆನ್ನೈಗೆ ರೂ 5,040ಕ್ಕೆ ತರುತ್ತಾರೆಂದರೆ, ಚೆನ್ನೈನಿಂದ ಹಿರಿಯೂರಿಗೆ ಬರುವ ಪಾರ್ಸೆಲ್ ಲಾರಿಯವನೇ ನಕ್ಕುಬಿಟ್ಟಾನು.

ಚೆನ್ನೈನಲ್ಲಿ ಒಬ್ಬ ಕಸ್ಟಮ್ಸ್ ಏಜೆಂಟರನ್ನು ಗೊತ್ತು ಮಾಡಿಕೊಂಡಿದ್ದೆ. ನೆಲ್ಲೂರು ಕಡೆಯವರು, ನಮ್ಮ ಚಳ್ಳಕೆರೆ ಆಂಧ್ರದ ಗಡಿಗೆ ಅಂಟಿಕೊಂಡ ಊರಾದ್ದರಿಂದ ತೆಲುಗಿನಲ್ಲೇ ಮಾತು ಸಾಗಿತು. ಅವರು ಗುಟ್ಟು ಬಿಡಿಸಿದರು. ಚೀನಾದಿಂದ ಬರುವ ಎಲ್‌ಸಿಎಲ್ ಮಾಲಿಗೆ ಅಲ್ಲಿ ಬಾಡಿಗೆ ಹೆಸರಿಗಷ್ಟೇ. ಮಾಲು ತುಂಬಿಸಿಕೊಳ್ಳಲು ಅಲ್ಲಿನ ದಲ್ಲಾಳಿಗಳು ಪೈಪೋಟಿ ಮಾಡುತ್ತಾರೆ, ಬಿಟ್ಟುಕೊಟ್ಟ ಹಣವನ್ನು ಇಲ್ಲಿನ ತಮ್ಮ ಪ್ರತಿನಿಧಿಯ ಮೂಲಕ ಆಮದುದಾರನಿಂದ ಎಳೆದುಕೊಳ್ಳುತ್ತಾರೆ. ಡೆಲಿವರಿ ಆರ್ಡರ್ ಶುಲ್ಕ, ಟರ್ಮಿನಲ್ ಶುಲ್ಕ, ಕಂಟೇನರ್ ಬಿಚ್ಚಿದ ಶುಲ್ಕ, ದಾಖಲೆ ಶುಲ್ಕ ಎಂದು ಪಟ್ಟಿ ಉದ್ದವಾಗುತ್ತದೆ. ಅಷ್ಟು ಹೊತ್ತಿಗೆ ಮಾಲು ಅವರ ಕೈಯಲ್ಲಿರುತ್ತದೆ, ಚೌಕಾಸಿ ಮಾಡುವ ದಾರಿ ನಮಗಿರುವುದಿಲ್ಲ.

“ಮಾಲು ಹೊರಡುವ ಮೊದಲೇ ಇಲ್ಲಿನ ಬಿಲ್ಲಿನ ಪಟ್ಟಿಯನ್ನು ಬರಹದಲ್ಲಿ ತರಿಸಿಕೊಳ್ಳಿ” ಎಂದರು. ಹಾಗೇ ಕೇಳಿದೆ. 60 ಡಾಲರ್ ದಾರಿಯ ಚೆನ್ನೈ ಬಿಲ್ಲು ರೂ 82,000! ಒಟ್ಟು 87,040. ಏಜೆಂಟರ ಪರಿಚಯದ ಸಾಗಣೆದಾರರು ಎಫ್‌ಒಬಿ ಲೆಕ್ಕದಲ್ಲಿ ಹಡಗಿನ ಬಾಡಿಗೆ 540 ಡಾಲರ್, ಅಂದರೆ 45,360, ಚೆನ್ನೈನಲ್ಲಿ 28,000 ಎಂದರು. ಒಟ್ಟು 73,360. ಕಡಿಮೆ ಎಂದು ಕಂಡದ್ದು ರೂ 13,680 ದುಬಾರಿಯಾಗಿತ್ತು. ಮಾರಾಟದ ಹುಡುಗಿಗೆ ಎಫ್‌ಒಬಿಯೇ ಸಾಕೆಂದು ಬರೆದೆ. ಅವಳು ಅಳುಮುಖದ ಚಿತ್ರವೊಂದನ್ನು ಕಳಿಸಿದಳು, ಆದರೆ ವಾದ ಮಾಡಲಿಲ್ಲ.

ಇದೇ ಪ್ರಶ್ನೆಯನ್ನು ಶಾರ್ಜಾಕ್ಕೂ ಕೇಳಿದೆ. ಅವರು ಪೊಟ್ಟಣ ಕಟ್ಟುವ ಇತರ ಯಂತ್ರ, ಸಾಮಗ್ರಿಗಳ ಜೊತೆ ಪೂರ್ತಿ ಕಂಟೇನರನ್ನೇ ತರಿಸಿದ್ದರಿಂದ ಈ ತೊಡಕು ಅವರಿಗೆ ಬಂದಿರಲೇ ಇಲ್ಲ. ಹೋಲಿಕೆಗಾಗಿ ಅವರ ಬಾಡಿಗೆಯಲ್ಲಿ ಈ ಯಂತ್ರದ ಪಾಲನ್ನಷ್ಟೇ ತೆಗೆದೆವು; ಅದು ಹೆಚ್ಚುಕಡಿಮೆ ನನ್ನ 540 ಡಾಲರಿನಷ್ಟೇ ಬಂತು. ವಿಮೆ 60 ಡಾಲರ್. ಹೀಗಾಗಿ ಎರಡೂ ಕಡೆ ಬೆಲೆ, ಬಾಡಿಗೆ, ವಿಮೆ ಮೂರೂ ಸೇರಿದ ಸಿಐಎಫ್ ಮೌಲ್ಯ 16,600 ಡಾಲರ್ ಎಂದು ಇಟ್ಟುಕೊಂಡೆವು. ರೂಪಾಯಿಯಲ್ಲಿ 13,94,400, ದಿರ್ಹಮಿನಲ್ಲಿ ಹತ್ತಿರ ಹತ್ತಿರ 60,964.

ಈಗ ಸುಂಕ.

ನಮ್ಮಲ್ಲಿ ಬೀಜ, ಧಾನ್ಯ ವಿಂಗಡಿಸುವ ಯಂತ್ರ ಸುಂಕದ ಪಟ್ಟಿಯ 8437ನೇ ಶಿರೋನಾಮೆಯಲ್ಲಿ ಬರುತ್ತದೆ. ಮೂಲ ಸುಂಕ ಶೇ 7.5: ರೂ 1,04,580. ಆ ಸುಂಕದ ಮೇಲೆ ಶೇ 10 ಸಮಾಜ ಕಲ್ಯಾಣ ಸರ್‌ಚಾರ್ಜ್: ರೂ 10,458. ಇವೆಲ್ಲವನ್ನೂ ಮೌಲ್ಯಕ್ಕೆ ಕೂಡಿಸಿ ಬಂದ 15,09,438ರ ಮೇಲೆ, ಆಮದು ಮಾಲಿಗೆ ಬೀಳುವ ಜಿಎಸ್‌ಟಿಯಾದ ಶೇ 18 ಐಜಿಎಸ್‌ಟಿ: ರೂ 2,71,699. ಈ ಯಂತ್ರಗಳಿಗೆ 2022ರ ಜುಲೈವರೆಗೆ ಜಿಎಸ್‌ಟಿ ಶೇ 5 ಇತ್ತು, ಆಮೇಲೆ ಒಮ್ಮೆಗೇ 18ಕ್ಕೆ ಏರಿಸಿದರು. ರೈತರ ಮಾಲು ಶುಚಿ ಮಾಡುವ ಯಂತ್ರಕ್ಕೆ ಇಷ್ಟೇಕೆಂದು ನಮ್ಮ ಮಿಲ್ಲಿನವರು ಆಗ ಗೊಣಗಿದ್ದುಂಟು. ಒಟ್ಟು ಕಟ್ಟಬೇಕಾದದ್ದು ರೂ 3,86,737, ಮೌಲ್ಯದ ಶೇ 27.7. ಭಾವಮೈದುನನ ಶೇ 28 ಇದೇ.

ಅಲ್ಲಿ ಕೊಲ್ಲಿ ದೇಶಗಳ ಸಾಮಾನ್ಯ ಸುಂಕ ಶೇ 5. ಅದರ ಮೇಲೆ, 2018ರಿಂದ ಜಾರಿಯಲ್ಲಿರುವ ವ್ಯಾಟ್ ಶೇ 5. ನಮ್ಮ ಹಣದಲ್ಲಿ ಹೇಳುವುದಾದರೆ ಸುಂಕ 69,720, ವ್ಯಾಟ್ 73,206. ಒಟ್ಟು 1,42,926, ಅಂದರೆ ಶೇ 10.25. ಅವನು ಹೇಳಿದ ಶೇ 5ರಲ್ಲಿ ವ್ಯಾಟ್ ಇರಲಿಲ್ಲ, ನನ್ನ ಮೇಲೆ ಹೊರಿಸಿದ ಶೇ 28ರಲ್ಲಿ ಐಜಿಎಸ್‌ಟಿ ಸೇರಿತ್ತು.

ಚಿತ್ರದುರ್ಗದ ನಮ್ಮ ಆಡಿಟರ್ ಈ ಹಾಳೆಯನ್ನು ನೋಡಿ ಐಜಿಎಸ್‌ಟಿ ಸಾಲಿನ ಮೇಲೆ ಪೆನ್ಸಿಲಿನಿಂದ ಗೀಟು ಎಳೆದರು. “ಇದು ಖರ್ಚಲ್ಲ, ವಾಪಸು ಬರುತ್ತದೆ.” ನನಗೆ ಜಿಎಸ್‌ಟಿ ನೋಂದಣಿ ಇದೆ. ರೈತರಿಂದ ಶೇಂಗಾ ಕೊಳ್ಳುವಾಗ ತೆರಿಗೆ ಇಲ್ಲ, ಬೀಜ ಮಾರುವಾಗ ಶೇ 5 ಕಟ್ಟುತ್ತೇನೆ. ಬಂದರಿನಲ್ಲಿ ಕಟ್ಟಿದ ಐಜಿಎಸ್‌ಟಿಯನ್ನು ಆ ಶೇ 5ಕ್ಕೆ ವಜಾ ಹಾಕಿಕೊಳ್ಳಬಹುದು. ಒಂದೇ ಷರತ್ತು: ತೆರಿಗೆಯನ್ನೂ ಯಂತ್ರದ ಬೆಲೆಗೆ ಸೇರಿಸಿ ಸವಕಳಿ ತೋರಿಸುವಂತಿಲ್ಲ, ಎರಡರಲ್ಲಿ ಒಂದು. ಹಾಗಾಗಿ ನಿಜವಾಗಿ ಕೈಬಿಟ್ಟು ಹೋಗುವುದು ರೂ 1,15,038 ಮಾತ್ರ. ಶಾರ್ಜಾದಲ್ಲಿ ಕೈಬಿಟ್ಟದ್ದು 69,720. ಎರಡರ ನಡುವಿನ ಅಂತರ ರೂ 45,318. ಹದಿನಾಲ್ಕು ಲಕ್ಷದ ಯಂತ್ರದಲ್ಲಿ ಇದಕ್ಕಾಗಿ ಯಾವ ಸರ್ಕಾರವನ್ನೂ ಬೈಯುವ ಅಗತ್ಯ ನನಗೆ ಕಾಣಲಿಲ್ಲ. ನೋಂದಣಿ ಇಲ್ಲದೆ ಯಂತ್ರ ತರಿಸುವವನ ಪಾಡು ಬೇರೆ; ಅವನಿಗೆ ಆ ಶೇ 18 ಹೋದದ್ದೇ.

ಆದರೆ ಬೈಯಬೇಕಾದ ಜಾಗವೊಂದು ಇದೆ, ಅದು ಶೇಕಡಾವಾರಿನಲ್ಲಿ ಕಾಣುವುದಿಲ್ಲ. ವಾಪಸು ಬರುವ ಹಣವನ್ನೂ ನಾನು ಬಂದರಿನಲ್ಲಿ ನಗದಾಗಿಯೇ ಕಟ್ಟಬೇಕು. ಶೇಂಗಾ ಸುಗ್ಗಿಗೆ ಮೊದಲು ರೈತರಿಗೆ ಕೊಡಲು ಒಟ್ಟು ಮಾಡಿಕೊಂಡ ಓವರ್‌ಡ್ರಾಫ್ಟಿನಿಂದ ಎರಡೂ ಮುಕ್ಕಾಲು ಲಕ್ಷದಷ್ಟು ಹಣ ಒಂದೇ ಮಧ್ಯಾಹ್ನ ಹೊರಟುಹೋಯಿತು. ಅದು ಶೇ 5ರ ಲೆಕ್ಕದಲ್ಲಿ ಪೂರ್ತಿ ತೀರಬೇಕಾದರೆ ನಾನು ಸುಮಾರು ರೂ 54 ಲಕ್ಷದ ಬೀಜ ಮಾರಬೇಕು. ಅಲ್ಲಿಯವರೆಗೆ ಬಡ್ಡಿ ನನ್ನದು. ಶಾರ್ಜಾ, ದುಬೈ ಸೇರಿದ ಅರಬ್ ಸಂಸ್ಥಾನಗಳಲ್ಲಿ ವ್ಯಾಟ್ ನೋಂದಣಿ ಇರುವ ಆಮದುದಾರ ಬಂದರಿನಲ್ಲಿ ವ್ಯಾಟ್ ಕಟ್ಟುವುದೇ ಇಲ್ಲ. ತೆರಿಗೆ ವಿವರಪಟ್ಟಿಯಲ್ಲಿ ಒಂದು ಕಡೆ ಕೊಡಬೇಕಾದದ್ದು ಎಂದು ತೋರಿಸಿ, ಇನ್ನೊಂದು ಕಡೆ ಅದನ್ನೇ ವಜಾ ಹಾಕುತ್ತಾರೆ. ಅವರ ಬ್ಯಾಂಕ್ ಖಾತೆಯಿಂದ ಹೋದದ್ದು ಸುಂಕದ ಮೂರು ಸಾವಿರ ಚಿಲ್ಲರೆ ದಿರ್ಹಮ್ ಮಾತ್ರ. ಬಂದರಿನ ಬಾಗಿಲಲ್ಲಿ ನಾನು ಎಣಿಸಿದ್ದು 3,86,737, ಅವರು ಎಣಿಸಿದ್ದು 69,720. ಸಣ್ಣ ವ್ಯಾಪಾರಿಗೆ ಎರಡು ದೇಶಗಳ ನಡುವಿನ ನಿಜವಾದ ವ್ಯತ್ಯಾಸ ಇದು.

ಯಂತ್ರ ಚೀನಾದಿಂದ ಹೊರಡುವ ಮೊದಲೇ ಭಾವಮೈದುನನಿಗೆ ಒಂದು ಉಪಾಯ ಹೊಳೆದಿತ್ತು. ಭಾರತಕ್ಕೂ ಅಲ್ಲಿಗೂ 2022ರ ಮೇ 1ರಿಂದ ವ್ಯಾಪಾರ ಒಪ್ಪಂದ ಜಾರಿಯಲ್ಲಿದೆ. ಯಂತ್ರವನ್ನು ದುಬೈಗೆ ಇಳಿಸಿ, ಅಲ್ಲಿಂದ ಕಳಿಸಿದರೆ ಸುಂಕ ತಪ್ಪುವುದಿಲ್ಲವೇ? ಇದನ್ನು ನಾನು ಏಜೆಂಟರ ಮುಂದೆ ಇಟ್ಟಾಗ ಅವರು ಬಹಳ ತಾಳ್ಮೆಯಿಂದ ಉತ್ತರಿಸಿದರು, ಮೊದಲ ಬಾರಿ ಕೇಳಿದ ಪ್ರಶ್ನೆಯಲ್ಲವೆಂದು ಅದರಿಂದಲೇ ಗೊತ್ತಾಯಿತು. ರಿಯಾಯಿತಿ ಸಿಗುವುದು ಎಲ್ಲಿಂದ ಹೊರಟಿತು ಎಂಬುದರ ಮೇಲಲ್ಲ, ಎಲ್ಲಿ ತಯಾರಾಯಿತು ಎಂಬುದರ ಮೇಲೆ. ಹೆಫೆಯಿಯಲ್ಲಿ ಮಾಡಿದ ಯಂತ್ರ ದುಬೈನ ಜೆಬೆಲ್ ಅಲಿ ಬಂದರಿನಲ್ಲಿ ಇಳಿದು ಹತ್ತಿದರೂ ಚೀನಾದ್ದೇ. ಮೂಲದ ಪ್ರಮಾಣಪತ್ರವೊಂದನ್ನು ತೋರಿಸಿದರೆ ಸಾಲದು. 2020ರ ಸೆಪ್ಟೆಂಬರ್ 21ರಿಂದ ಜಾರಿಯಾದ ನಿಯಮಗಳ ಪ್ರಕಾರ, ಆ ಮೂಲ ಹೇಗೆ ಸಿದ್ಧವಾಯಿತೆಂಬ ವಿವರ ಆಮದುದಾರನ ಬಳಿಯೂ ಇರಬೇಕು, ಕೇಳಿದಾಗ ಕೊಡಬೇಕು. ಮೇಲಾಗಿ ದುಬೈ ದಾರಿ ಎಂದರೆ ಎರಡು ಹಡಗು, ಎರಡು ಬಂದರು, ಎರಡು ಏಜೆಂಟರ ಸಂಬಳ. ಅವರ ಹಳೆಯ ಯಂತ್ರವನ್ನೇ ಕೊಳ್ಳುವ ಮಾತೂ ಒಮ್ಮೆ ಬಂತು. ಹಳೆಯ ಯಂತ್ರಕ್ಕೆ ಚಾರ್ಟರ್ಡ್ ಎಂಜಿನಿಯರ್ ಒಬ್ಬರು ವಯಸ್ಸು, ಸ್ಥಿತಿ, ಮೌಲ್ಯ ಪರಿಶೀಲಿಸಿ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಆ ತಂಟೆ ಬೇಡವೆಂದು ಅಲ್ಲಿಗೇ ಬಿಟ್ಟೆವು.

ಮಾಲು ಹೊರಡುವ ಮೊದಲು ಏಜೆಂಟರು ನನ್ನಿಂದ ಎರಡು ಕೆಲಸ ಮಾಡಿಸಿದರು. ಮೊದಲನೆಯದು, ಮರದ ಪೆಟ್ಟಿಗೆಯ ಮೇಲೆ ಐಪಿಪಿಸಿ ಮುದ್ರೆ ಇರುವ ಚಿತ್ರವನ್ನು ತರಿಸಿಕೊಳ್ಳುವುದು. ಮರಕ್ಕೆ ಶಾಖ ಕೊಟ್ಟು ಅಥವಾ ಹೊಗೆ ಹಾಕಿ ಹುಳುಹುಪ್ಪಟೆ ಇಲ್ಲದಂತೆ ಮಾಡಿದ್ದಕ್ಕೆ ಆ ಮುದ್ರೆಯೇ ಗುರುತು. ಅದಿಲ್ಲದೆ ಬಂದರೆ ಇಲ್ಲಿ ಹೊಗೆ ಹಾಕಿಸುವ ಖರ್ಚು, ದಂಡ, ಕಾಯುವಿಕೆ ಎಲ್ಲವೂ ಸೇರುತ್ತವೆ. ಎರಡನೆಯದು, ಹಡಗಿನ ಬಾಡಿಗೆಯ ಬಿಲ್ಲನ್ನು ಜೋಪಾನವಾಗಿ ಇಟ್ಟುಕೊಳ್ಳುವುದು. ಬಾಡಿಗೆ ಎಷ್ಟೆಂದು ತೋರಿಸಲಾಗದಿದ್ದರೆ ಕಸ್ಟಮ್ಸ್ ಎಫ್‌ಒಬಿ ಬೆಲೆಯ ಶೇ 20ನ್ನು ಬಾಡಿಗೆಯೆಂದು ಹಿಡಿಯುತ್ತದೆ, ವಿಮೆಗೆ ಶೇ 1.125. ನನ್ನ ಯಂತ್ರಕ್ಕೆ ಶೇ 20 ಎಂದರೆ 3,200 ಡಾಲರ್. ನಿಜವಾಗಿ ಕೊಟ್ಟದ್ದು 540. ಒಂದು ಹಾಳೆ ಕಳೆದುಹೋದರೆ ವಾಪಸು ಬಾರದ ಸುಂಕದಲ್ಲೇ ರೂ 18,000ಕ್ಕೂ ಹೆಚ್ಚು ಹೋಗುತ್ತಿತ್ತು.

ಮಂಗಳೂರು ಬಂದರು ನಮಗೆ ಚೆನ್ನೈಗಿಂತ ಹತ್ತಿರ. ಆದರೆ ಶಾಂಘೈನಿಂದ ಎಲ್‌ಸಿಎಲ್ ಮಾಲನ್ನು ಅಲ್ಲಿಗೆ ನೇರವಾಗಿ ತರುವವರು ನನಗೆ ಸಿಗಲಿಲ್ಲ, ಘಟ್ಟದ ದಾರಿಯ ಚಿಂತೆ ಬೇರೆ. ಬೆಂಗಳೂರಿನ ವೈಟ್‌ಫೀಲ್ಡ್ ಒಳನಾಡು ಕಂಟೇನರ್ ಡಿಪೋವನ್ನೂ ವಿಚಾರಿಸಿದೆ. ರೈಲಿನ ಖರ್ಚು ಸೇರಿಸಿದಾಗ ಲಾಭ ಕಾಣಲಿಲ್ಲ. ಚೆನ್ನೈಯೇ ಉಳಿಯಿತು.

ಹಡಗು ಬಂದರು ಮುಟ್ಟುವ ಹಿಂದಿನ ದಿನದೊಳಗೆ ಬಿಲ್ ಆಫ್ ಎಂಟ್ರಿ ಸಲ್ಲಿಸಬೇಕು. ತಡವಾದರೆ ಮೊದಲ 3 ದಿನ ದಿನಕ್ಕೆ ರೂ 5,000, ಆಮೇಲೆ ದಿನಕ್ಕೆ ರೂ 10,000. ಏಜೆಂಟರು ಮುಂಚೆಯೇ ಸಲ್ಲಿಸಿದ್ದರು. ಪರಿಶೀಲಿಸುವ ಅಧಿಕಾರಿ ಚೆನ್ನೈನಲ್ಲೇ ಇರಬೇಕೆಂದಿಲ್ಲ. ದೇಶದ ಯಾವುದೋ ಮೂಲೆಯಲ್ಲಿ ಕುಳಿತು, ಆಮದುದಾರನ ಮುಖ ನೋಡದೆ ತೀರ್ಮಾನಿಸುತ್ತಾರೆ. ಈ ಪದ್ಧತಿ 2020ರ ಜೂನ್‌ನಲ್ಲಿ ಮೊದಲು ಶುರುವಾದದ್ದೇ ಬೆಂಗಳೂರು ಮತ್ತು ಚೆನ್ನೈಗಳಲ್ಲಿ, ಅದೂ ಯಂತ್ರಗಳ 84 ಮತ್ತು 85ನೇ ಅಧ್ಯಾಯಗಳಿಗೆ. ನಮಗೆ ಬಂದ ಪ್ರಶ್ನೆ ಸ್ವಾರಸ್ಯವಾಗಿತ್ತು. ಶೇಂಗಾ ಬೀಜ ವಿಂಗಡಿಸುವ ಯಂತ್ರ 8437ರ ‘ಬೀಜ, ಧಾನ್ಯ’ದ ಯಂತ್ರವೋ, 8433ರ ಹಣ್ಣು ಮತ್ತಿತರ ಕೃಷಿ ಉತ್ಪನ್ನ ವಿಂಗಡಿಸುವ ಯಂತ್ರವೋ? ಕ್ಯಾಟಲಾಗ್ ಕೊಡಿ, ಹಣ ಕಟ್ಟಿದ ದಾಖಲೆ ಕೊಡಿ. ಕ್ಯಾಟಲಾಗಿನಲ್ಲಿ ಅಕ್ಕಿ, ಗೋಧಿ, ಬೇಳೆ, ಎಣ್ಣೆಬೀಜ ಎಂದು ಸ್ಪಷ್ಟವಾಗಿ ಇತ್ತು, ಅದನ್ನೇ ಏರಿಸಿದೆವು. ಹೊಸ ಆಮದುದಾರನಾದ್ದರಿಂದ ಪೆಟ್ಟಿಗೆ ತೆರೆದು ನೋಡುವ ಆದೇಶವೂ ಬಂತು. ನಡುವೆ ರಜೆಗಳು ಸೇರಿ, ಮಾಲು ಇಳಿಸಿದ ಖಾಸಗಿ ಗೋದಾಮಿನ ಬಾಡಿಗೆ ಬೆಳೆಯುತ್ತಲೇ ಹೋಯಿತು. ಶಾರ್ಜಾದವರಿಗೆ ಇದೇ ಹಂತ ಹೇಗಿತ್ತೆಂದರೆ, ಮಾಲು ಇಳಿದದ್ದು ಜೆಬೆಲ್ ಅಲಿಯಲ್ಲಾದ್ದರಿಂದ ದುಬೈ ಕಸ್ಟಮ್ಸ್‌ನ ಮಿರ್ಸಾಲ್ ವ್ಯವಸ್ಥೆಯಲ್ಲಿ ಘೋಷಣೆ ಹಾಕಿದರು, ಸುಂಕ ಕಟ್ಟಿದರು, ಲಾರಿ ಕಳಿಸಿದರು. ಅವರು ಹಳೆಯ ಆಮದುದಾರರು ಎಂಬುದನ್ನೂ ಇಲ್ಲಿ ಮರೆಯಬಾರದು. ನಾನೂ ಹತ್ತು ಬಾರಿ ತರಿಸಿದವನಾಗಿದ್ದರೆ ಬಹುಶಃ ಇಷ್ಟು ತನಿಖೆ ಇರುತ್ತಿರಲಿಲ್ಲ.

ಇಳಿದ ಮೇಲಿನ ಖರ್ಚು ನನಗೆ ಆದದ್ದು ಹೀಗೆ: ಸಾಗಣೆದಾರರ ಬಿಲ್ಲು 28,000, ಗೋದಾಮು 14,500, ಏಜೆಂಟರ ಶುಲ್ಕ 9,000, ಚೆನ್ನೈನಿಂದ ಚಳ್ಳಕೆರೆಗೆ ಲಾರಿ 31,000, ಮಿಲ್ಲಿನಲ್ಲಿ ಇಳಿಸಲು ಹೈಡ್ರಾ ಕ್ರೇನು 4,500. ಒಟ್ಟು 87,000. ಅವರಿಗೆ ಎಲ್ಲ ಸೇರಿ 2,500 ದಿರ್ಹಮ್, ನಮ್ಮ 57,000 ಚಿಲ್ಲರೆ. ಜೆಬೆಲ್ ಅಲಿಯಿಂದ ಅವರ ಗೋದಾಮಿಗೆ ಒಂದು ಗಂಟೆಯ ದಾರಿ, ಫೋರ್ಕ್‌ಲಿಫ್ಟ್ ಸ್ವಂತದ್ದು. ನನ್ನ ಲಾರಿ ಬೆಂಗಳೂರು ದಾಟಿ ಹಿರಿಯೂರಿನಲ್ಲಿ ಹೆದ್ದಾರಿ ಬಿಟ್ಟು ಬಳ್ಳಾರಿ ರಸ್ತೆ ಹಿಡಿದು ಬರಬೇಕು. ಒಳನಾಡಿನಲ್ಲಿ ಮಿಲ್ಲು ಇಟ್ಟುಕೊಂಡವನು ಸಮುದ್ರದ ದೂರಕ್ಕೆ ತೆರುವ ಈ ಹಣಕ್ಕೆ ಯಾವ ಒಪ್ಪಂದದಲ್ಲೂ ರಿಯಾಯಿತಿ ಇಲ್ಲ.

ಎಲ್ಲ ಕೂಡಿಸಿದಾಗ, ವಾಪಸು ಬರುವ ತೆರಿಗೆ ಬಿಟ್ಟು, ಯಂತ್ರ ನನ್ನ ಮಿಲ್ಲಿನ ನೆಲಕ್ಕೆ ಕೂರುವಾಗ ರೂ 15,96,438 ಆಗಿತ್ತು. ಶಾರ್ಜಾದ ಗೋದಾಮಿನಲ್ಲಿ ಅದೇ ಯಂತ್ರಕ್ಕೆ ಸುಮಾರು 15,21,000. ವ್ಯತ್ಯಾಸ ಎಪ್ಪತ್ತೈದು ಸಾವಿರದಷ್ಟು, ಅಂದರೆ ಶೇ 5. ಹಾಳೆಯನ್ನು ಭಾವಮೈದುನನಿಗೆ ಕಳಿಸಿದೆ. ಅವನು ತನ್ನ ಕಡೆಯ ಅಂಕಿಗಳನ್ನು ಮತ್ತೊಮ್ಮೆ ತಾಳೆ ನೋಡಿ, “ಸರಿ ಇದೆ ಭಾವ, ಆದರೆ ನಮ್ಮದು ಬೇಗ ಬಂತು” ಎಂದ. ಅದನ್ನು ನಾನು ಅಲ್ಲಗಳೆಯಲಿಲ್ಲ.

ಊರಿನ ಇತರ ಮಿಲ್ಲಿನವರು ಕೇಳುವುದು ಶಾರ್ಜಾದ ಲೆಕ್ಕವನ್ನಲ್ಲ, 19.5 ಲಕ್ಷದ ಜೊತೆಗಿನ ಹೋಲಿಕೆಯನ್ನು. ಬ್ಯಾಂಕಿನ ಶುಲ್ಕ ಆರು ಸಾವಿರದಷ್ಟು, ಕೊಯಮತ್ತೂರಿನಿಂದ ಬಂದು ಯಂತ್ರ ಕೂರಿಸಿ, ಕಂಪ್ರೆಸರ್ ಜೋಡಿಸಿಕೊಟ್ಟ ತಂತ್ರಜ್ಞನಿಗೆ 35,000. ಅದನ್ನೆಲ್ಲ ಕಳೆದರೂ ಮೂರು ಲಕ್ಷ ಉಳಿಯಿತು. ಆದರೆ ಮಾರಾಟಗಾರರ ಬೆಲೆಯಲ್ಲಿ ಒಂದು ವರ್ಷದ ಸೇವೆ ಸೇರಿತ್ತು. ಯಂತ್ರ ಸುಗ್ಗಿಯ ನಡುವೆ ನಿಂತರೆ ಅವರ ಹುಡುಗ ಮರುದಿನ ಬರುತ್ತಿದ್ದ. ನನಗೆ ಈಗ ಉಳಿದಿರುವುದು ಚೀನಾದ ಎಂಜಿನಿಯರ್ ಜೊತೆ ವಿಡಿಯೊ ಕರೆ ಮತ್ತು ಅನುವಾದದ ಆ್ಯಪ್. ಕಾಗದ ಹಿಡಿದು ಓಡಾಡುವ ಸಹನೆ, ಕೈಯಲ್ಲಿ ಸ್ವಲ್ಪ ಹಣ, ಸ್ಪ್ಯಾನರ್ ಹಿಡಿಯುವ ಧೈರ್ಯ ಇಲ್ಲದವರಿಗೆ ಮಾರಾಟಗಾರರೇ ಮೇಲು ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಅವರು ನಂಬುವುದಿಲ್ಲ, ಉಳಿತಾಯದ ಗುಟ್ಟು ಮುಚ್ಚಿಡುತ್ತಿದ್ದಾನೆ ಎಂದುಕೊಳ್ಳುತ್ತಾರೆ.

ಸವೆಯುವ ಭಾಗವೆಂದರೆ ಗಾಳಿ ಊದುವ ವಾಲ್ವುಗಳು. ಯಂತ್ರದ ಜೊತೆ ಬಂದ ಹೆಚ್ಚುವರಿ ವಾಲ್ವುಗಳು ಮುಗಿಯುತ್ತ ಬಂದಾಗ ಇನ್ನಷ್ಟು ತರಿಸಬೇಕಾಯಿತು. ನಾಯಕನಹಟ್ಟಿ ಜಾತ್ರೆಗೆ ಊರಿಗೆ ಬರುವವನಿದ್ದ ಭಾವಮೈದುನ, “ನಮ್ಮಲ್ಲಿ ದಾಸ್ತಾನಿವೆ, ಬ್ಯಾಗಿನಲ್ಲಿ ಹಾಕಿಕೊಂಡು ಬರುತ್ತೇನೆ, ಒಂದು ಮಿತಿಯವರೆಗೆ ಸುಂಕವೇ ಇಲ್ಲವಲ್ಲ” ಎಂದ. ಆ ವಿನಾಯಿತಿ ಪ್ರಯಾಣಿಕನ ಸ್ವಂತ ಬಳಕೆಯ ವಸ್ತುಗಳಿಗೆ. ಒಂದೇ ಬಗೆಯ ವಾಲ್ವುಗಳ ಪೆಟ್ಟಿಗೆಯನ್ನು ವಿಮಾನ ನಿಲ್ದಾಣದಲ್ಲಿ ಯಾರೂ ಅಂಗಿ ಪಂಚೆ ಎಂದು ಒಪ್ಪುವುದಿಲ್ಲ. ಹೆಫೆಯಿಯಿಂದಲೇ ಕೊರಿಯರ್‌ನಲ್ಲಿ ತರಿಸಿದೆ. ಕೊರಿಯರ್‌ನವರು ಬಿಲ್ ಆಫ್ ಎಂಟ್ರಿಯಲ್ಲಿ ನನ್ನ ಐಇಸಿ ಮತ್ತು ಜಿಎಸ್‌ಟಿ ಸಂಖ್ಯೆ ಹಾಕುತ್ತಾರೆಯೇ ಎಂದು ಮೊದಲೇ ಬರೆದು ಕೇಳಿದೆ. ಹಾಕದಿದ್ದರೆ ಮಾಲು ಬರುತ್ತದೆ, ಐಜಿಎಸ್‌ಟಿ ಮಾತ್ರ ವಾಪಸು ಬರುವುದಿಲ್ಲ. ಹಾಕುತ್ತೇವೆ ಎಂದು ಉತ್ತರ ಬಂದ ಮೇಲೆಯೇ ಹಣ ಕಳಿಸಿದೆ.